ಎಲುಬಿಗೆ ಕೆಲಸ ಕೊಡಿ: ಕೊಟ್ಟೂರಿನ ಹುಡುಗ ಹುಡುಗಿಯರಿಗೆ ಎಂಟು ಸೂತ್ರ

ಪಿಯುಸಿ ಆರ್ಟ್ಸ್ ರಿಸಲ್ಟ್ ಬಂದ ದಿನ ರಾಜ್ಯವೆಲ್ಲ ಕೊಟ್ಟೂರಿನ ಕಡೆ ನೋಡುತ್ತದೆ. ಇಲ್ಲಿನ ‘ಇಂದು’ ಕಾಲೇಜಿನ ಮಕ್ಕಳು ಟಾಪರ್ ಪಟ್ಟಿಯಲ್ಲಿರುವುದು ಈಗ ಸುದ್ದಿಯೇ ಅಲ್ಲ. ಅಂದರೆ ಕೂತು ಓದುವುದನ್ನು ಈ ಊರಿಗೆ ಹೊರಗಿನವರು ಬಂದು ಹೇಳಿಕೊಡಬೇಕಿಲ್ಲ. ಹೇಳಬೇಕಾದ್ದು ಬೇರೆ. ನೀವು ಹನ್ನೆರಡು ತಾಸು ಕುರ್ಚಿಗೆ ಅಂಟಿಕೊಂಡಾಗ ನಿಮ್ಮ ಎಲುಬು ಸುಮ್ಮನೆ ಕಾಯುತ್ತಾ ಇರುವುದಿಲ್ಲ. ಇಷ್ಟು ಗಟ್ಟಿ ಇವನಿಗೆ ಬೇಕಿಲ್ಲ ಎಂದು ಲೆಕ್ಕ ಹಾಕಿ ತನ್ನನ್ನು ತಾನೇ ಕರಗಿಸಿಕೊಳ್ಳುತ್ತದೆ. ನಾಳೆ ಪೊಲೀಸ್ ಫಿಸಿಕಲ್‌ಗೆ 1600 ಮೀಟರ್ ಓಡಲು ನಿಂತಾಗ ಅದರ ಬಿಲ್ಲು ಬರುತ್ತದೆ. ಬಿಲ್ಲು ಬರುವ ಮುಂಚೆ ಇದನ್ನು ಓದಿ.

1. "ನಮ್ಮದು ವೀಕ್ ಬಾಡಿ" ಅನ್ನುವುದನ್ನು ಇವತ್ತೇ ನಿಲ್ಲಿಸಿ.

ಅದು ಮಾತಿನ ಚಟ, ನಿಜವಲ್ಲ. ನಿಮ್ಮ 206 ಎಲುಬು ಒಮ್ಮೆ ಎರಕ ಹೊಯ್ದು ಬಿಟ್ಟ ಸಾಮಾನಲ್ಲ. ಒಂದು ತಂಡದ ಜೀವಕೋಶ ಹಳೆಯದನ್ನು ಅಗೆಯುತ್ತದೆ, ಇನ್ನೊಂದು ತಂಡ ಹೊಸದನ್ನು ತುಂಬುತ್ತದೆ. ವಯಸ್ಕರ ಅಸ್ಥಿಪಂಜರದಲ್ಲಿ ವರ್ಷಕ್ಕೆ ಸುಮಾರು ಹತ್ತನೇ ಒಂದು ಪಾಲು ಹೀಗೆ ಬದಲಾಗುತ್ತದೆ. ಹತ್ತನೇ ಕ್ಲಾಸಿನಲ್ಲಿ ಇದ್ದ ಎಲುಬಿನ ಒಂದು ಪಾಲು ಈಗಾಗಲೇ ನಿಮ್ಮ ಮೈಯಲ್ಲಿ ಇಲ್ಲ. ಹಾಗಿರುವಾಗ ಹಳೇ ಕಂಪ್ಲೇಂಟ್ ಯಾಕೆ?

2. ಮೆಟೀರಿಯಲ್ ಏನು ಅಂತ ಕೈಯಲ್ಲಿ ಹಿಡಿದು ನೋಡಿ.

ಪುಸ್ತಕ ಸಾಲದು. ಕೋಳಿಯ ಕಾಲೆಲುಬು ತೊಳೆದು, ಗೋಬಿ ಗಾಡಿಯವರು ಬಳಸುವ ವಿನೆಗರ್‌ನಲ್ಲಿ ಒಂದು ವಾರ ನೆನೆಹಾಕಿ. (ಮನೆಯಲ್ಲಿ ಒಲ್ಲೆ ಅಂದರೆ ಕಾಲೇಜಿನ ಲ್ಯಾಬಿಗೆ ಒಯ್ಯಿರಿ. ಅಜ್ಜಿಯ ಜೊತೆ ಜಗಳ ಬೇಡ.) ಎಂಟನೇ ದಿನ ಅದು ರಬ್ಬರ್ ಪೈಪಿನಂತೆ ಬಾಗುತ್ತದೆ. ಸುಣ್ಣದ ಅಂಶ ಹೋಯಿತು, ಕೊಲಾಜೆನ್ ಎಂಬ ಪ್ರೋಟೀನ್ ನಾರು ಉಳಿಯಿತು. ಇನ್ನೊಂದು ಎಲುಬನ್ನು ಬೆಂಕಿಯಲ್ಲಿ ಸುಡಿ. ನಾರು ಹೋಯಿತು, ಸುಣ್ಣ ಉಳಿಯಿತು. ಬೆರಳಲ್ಲಿ ಒತ್ತಿದರೆ ಪುಡಿ. ಮೇಲ್ಛಾವಣಿಗೆ ಕಂಬಿ ಕಟ್ಟಿ ಕಾಂಕ್ರೀಟ್ ಸುರಿಯುತ್ತಾರಲ್ಲ, ಎಲುಬು ಅದೇ ಲೆಕ್ಕ. ತೂಕದಲ್ಲಿ ಹೆಚ್ಚುಕಡಿಮೆ ಮೂರರಲ್ಲಿ ಎರಡು ಪಾಲು ಖನಿಜ, ಉಳಿದದ್ದು ನಾರು ಮತ್ತು ನೀರು. ಒಂದು ಗಡಸು ಕೊಡುತ್ತದೆ, ಇನ್ನೊಂದು ಬಾಗುವ ಗುಣ ಕೊಡುತ್ತದೆ.

ಮಟನ್ ಅಂಗಡಿಯಲ್ಲಿ ತೊಡೆಯ ಎಲುಬಿನ ತಲೆಯನ್ನು ಉದ್ದಕ್ಕೆ ಸೀಳಿದ್ದು ಕಂಡರೆ ಒಂದು ನಿಮಿಷ ನಿಲ್ಲಿ. ಹೊರಗೆ ಗಟ್ಟಿ ಚಿಪ್ಪು, ಒಳಗೆ ಸ್ಪಾಂಜಿನಂಥ ಜಾಲರಿ. ಆ ಜಾಲರಿಯ ಎಳೆಗಳು ಅಡ್ಡಾದಿಡ್ಡಿ ಇಲ್ಲ. ಭಾರ ಯಾವ ದಾರಿಯಲ್ಲಿ ಇಳಿಯುತ್ತದೋ ಅದೇ ದಾರಿಯಲ್ಲಿ ಕಮಾನು ಕಮಾನಾಗಿ ಹರಿದಿವೆ. 1866ರಲ್ಲಿ ಜ್ಯೂರಿಕ್‌ನಲ್ಲಿ ಫಾನ್ ಮೇಯರ್ ಎಂಬ ಅಂಗರಚನಾ ತಜ್ಞ ಇಂಥ ಎಲುಬು ತೋರಿಸಿದಾಗ, ಕುಲ್ಮನ್ ಎಂಬ ಎಂಜಿನಿಯರ್‌ಗೆ ತಾನು ಲೆಕ್ಕ ಹಾಕುತ್ತಿದ್ದ ಕ್ರೇನಿನ ಗೆರೆಗಳೇ ಅಲ್ಲಿ ಕಂಡವು. ಅದನ್ನು ಮುಂದುವರಿಸಿ 1892ರಲ್ಲಿ ಬರ್ಲಿನ್ನಿನ ಸರ್ಜನ್ ಯೂಲಿಯುಸ್ ವೋಲ್ಫ್ ನಿಯಮವನ್ನೇ ಬರೆದ: ಭಾರ ಬದಲಾದರೆ ಎಲುಬಿನ ರಚನೆ ಬದಲಾಗುತ್ತದೆ.

3. ಕುಣಿಯಿರಿ, ಹತ್ತಿರಿ, ಜಿಗಿಯಿರಿ.

ಎಲುಬಿಗೆ ಬೇಕಾದ್ದು ಝಟಕಾ. ಸೈಕಲ್, ಈಜು ಎದೆಗೆ ಒಳ್ಳೆಯದು, ಎಲುಬಿಗೆ ಅಷ್ಟಕ್ಕಷ್ಟೆ, ಯಾಕೆಂದರೆ ಮೈಭಾರ ಕಾಲಿನ ಮೇಲೆ ಬೀಳುವುದೇ ಇಲ್ಲ. ಸ್ಕಿಪ್ಪಿಂಗ್ ಮಾಡಿ. ಕಬಡ್ಡಿ, ಖೋಖೋ ಆಡಿ. ರಜಾದಿನ ಉಚ್ಚಂಗಿದುರ್ಗದ ಮೆಟ್ಟಿಲು ಹತ್ತಿ ಬನ್ನಿ. ಎಲುಬಿನೊಳಗೆ ಹುದುಗಿರುವ ಕೋಶಗಳ ಸುತ್ತ ತೆಳುವಾದ ದ್ರವ ಇದೆ. ಹೆಜ್ಜೆ ಬಿದ್ದಾಗ ಎಲುಬು ಕೂದಲೆಳೆಯಷ್ಟು ಬಾಗುತ್ತದೆ, ದ್ರವ ಸರಿಯುತ್ತದೆ, ಕೋಶಕ್ಕೆ ಮೆಸೇಜ್ ಮುಟ್ಟುತ್ತದೆ. ಮೆಸೇಜ್ ಬರದಿದ್ದರೆ? ಬಾಹ್ಯಾಕಾಶದಲ್ಲಿ ತೂಕವಿಲ್ಲದೆ ತೇಲುವ ಗಗನಯಾತ್ರಿಗಳ ಸೊಂಟದ ಎಲುಬು ತಿಂಗಳಿಗೆ ಶೇ 1ರಿಂದ 1.5ರಷ್ಟು ಸವೆಯುತ್ತದೆ. ಕುರ್ಚಿ ಅಷ್ಟು ಕೆಟ್ಟದ್ದಲ್ಲ. ದಿಕ್ಕು ಮಾತ್ರ ಅದೇ.

4. ಸ್ವಲ್ಪ ಮಾಡಿ, ಬಿಟ್ಟು ಮಾಡಿ.

1984ರಲ್ಲಿ ರೂಬಿನ್ ಮತ್ತು ಲ್ಯಾನ್ಯನ್ ಹುಂಜದ ರೆಕ್ಕೆಯ ಎಲುಬಿಗೆ ಭಾರ ಕೊಟ್ಟು ನೋಡಿದರು. ದಿನಕ್ಕೆ 36 ಸಲ ಕೊಟ್ಟಾಗ ಎಲುಬು ಬೆಳೆಯಿತು. 1800 ಸಲ ಕೊಟ್ಟರೂ ಅದಕ್ಕಿಂತ ಹೆಚ್ಚೇನೂ ಬೆಳೆಯಲಿಲ್ಲ. ಒಂದೇ ಸಮ ಬಡಿದರೆ ಕೋಶಕ್ಕೆ ಕಿವುಡು ಬರುತ್ತದೆ. ಕೆಲವು ತಾಸು ಬಿಟ್ಟರೆ ಮತ್ತೆ ಕೇಳಿಸುತ್ತದೆ. ಆದ್ದರಿಂದ ಬೆಳಿಗ್ಗೆ ಓದಲು ಕೂರುವ ಮುಂಚೆ ನಲವತ್ತು ಜಿಗಿತ, ಸಂಜೆ ಮತ್ತೆ ನಲವತ್ತು. ಟೈಮ್ ಇಲ್ಲ ಅನ್ನಬೇಡಿ. ಒಂದು ರೀಲ್ ನೋಡುವ ಹೊತ್ತು ಇದು.

5. ದಿಢೀರ್ ಏರಿಸಬೇಡಿ.

ಈ ಪಾಠಕ್ಕೆ ನಾನು ಫೀಸು ಕಟ್ಟಿದ್ದೇನೆ. ತೇರಿನ ಮುಂಚೆ ದಾವಣಗೆರೆ ಕಡೆಯಿಂದ ಸಾವಿರಾರು ಜನ ಕೊಟ್ಟೂರೇಶ್ವರನ ಹೆಸರು ಹೇಳಿ ನಡೆದು ಬರುತ್ತಾರೆ. ವರ್ಷವಿಡೀ ಬೈಕಿನಿಂದ ಕೆಳಗಿಳಿಯದ ನಾನೂ ಒಂದು ವರ್ಷ ಹೊರಟೆ. ಊರು ಮುಟ್ಟಿದೆ, ತೇರೂ ನೋಡಿದೆ. ಮೂರನೇ ದಿನ ಬಲಪಾದದ ಮೇಲೆ, ಎರಡನೇ ಬೆರಳಿನ ಹಿಂದೆ, ರೂಪಾಯಿ ನಾಣ್ಯದಷ್ಟು ಜಾಗ ಮುಟ್ಟಿದರೆ ಜೀವ ಹೋಗುತ್ತಿತ್ತು. ಎಕ್ಸ್‌ರೇಯಲ್ಲಿ ಏನೂ ಕಾಣಲಿಲ್ಲ. ಮೂರು ವಾರದ ಮೇಲೆ ಇನ್ನೊಂದು ತೆಗೆಸಿದರೆ ಅದೇ ಎಲುಬಿನ ಸುತ್ತ ಹತ್ತಿ ಸುತ್ತಿದಂತೆ ಬಿಳಿ. ಬಿರುಕು ಬಿಟ್ಟದ್ದು ಕೂಡಿಕೊಳ್ಳುತ್ತಿತ್ತು.

ಇದಕ್ಕೆ ಮಾರ್ಚ್ ಫ್ರಾಕ್ಚರ್ ಅಂತಾರೆ. 1855ರಲ್ಲಿ ಪ್ರಷ್ಯಾದ ಸೇನಾ ವೈದ್ಯ ಬ್ರೈಟ್‌ಹಾಪ್ಟ್, ಮಾರ್ಚ್ ಮಾಡಿ ಪಾದ ಊದಿಸಿಕೊಂಡ ಸೈನಿಕರಲ್ಲಿ ಇದನ್ನು ಗುರುತಿಸಿದ್ದ. ಕಾರಣ ಸ್ವಾರಸ್ಯವಾಗಿದೆ. ಹೊಸ ಭಾರ ಬಿದ್ದ ಜಾಗದಲ್ಲಿ ರಿಪೇರಿ ತಂಡ ಮೊದಲು ಅಗೆಯುತ್ತದೆ, ಆಮೇಲೆ ತುಂಬುತ್ತದೆ. ಅಗೆಯಲು ಕೆಲವೇ ವಾರ, ತುಂಬಿ ಗಟ್ಟಿಯಾಗಲು ತಿಂಗಳುಗಳು. ಈ ನಡುವಿನ ದಿನಗಳಲ್ಲಿ ಎಲುಬು ಮೊದಲಿಗಿಂತ ವೀಕ್. ನೀವು ಆಗಲೇ ಜೋಶ್‌ನಲ್ಲಿ ಡಬಲ್ ಓಡುತ್ತೀರಿ.

2017ರ ಫೆಬ್ರವರಿಯಲ್ಲಿ ನಮ್ಮ ತೇರು ಅಚ್ಚು ಮುರಿದು ಉರುಳಿದ್ದು ಊರಿಗೆ ಮರೆತಿಲ್ಲ. ಅಚ್ಚಿಗೆ ತನ್ನ ಬಿರುಕನ್ನು ತಾನೇ ಮುಚ್ಚಿಕೊಳ್ಳಲು ಬರುವುದಿಲ್ಲ. ಎಲುಬಿಗೆ ಬರುತ್ತದೆ, ಆದರೆ ಅದು ಟೈಮ್ ಕೇಳುತ್ತದೆ. ಓಟವನ್ನು ವಾರಕ್ಕೆ ಹತ್ತರಲ್ಲಿ ಒಂದು ಪಾಲು ಮಾತ್ರ ಏರಿಸಿ. ನೋಟಿಫಿಕೇಶನ್ ಬಂದ ಮೇಲೆ ಅಲ್ಲ, ಆರು ತಿಂಗಳು ಮುಂಚೆ ಶುರು ಮಾಡಿ. ಒಂದೇ ಬಿಂದುವಿನಲ್ಲಿ ನೋವು ನಿಂತರೆ ಓಟ ನಿಲ್ಲಿಸಿ, ಡಾಕ್ಟರ್‌ಗೆ ತೋರಿಸಿ.

6. ಭಾರವನ್ನು ಮೈಗೆ ಹತ್ತಿರ ಇಟ್ಟುಕೊಳ್ಳಿ.

ಎಲುಬು ಒತ್ತಿದರೆ ಬಲು ಗಟ್ಟಿ, ಎಳೆದರೆ ಕಡಿಮೆ, ತಿರುಚಿದರೆ ಇನ್ನೂ ಕಡಿಮೆ. ಎಪಿಎಂಸಿಯಲ್ಲಿ ಹಮಾಲರನ್ನು ಗಮನಿಸಿ. ಶೇಂಗಾ ಚೀಲ ಬೆನ್ನಿಗೆ ಅಂಟಿಕೊಂಡೇ ಹೋಗುತ್ತದೆ, ತಿರುಗಬೇಕಾದರೆ ಪಾದ ತಿರುಗಿಸುತ್ತಾರೆ, ಸೊಂಟ ಅಲ್ಲ. ನೀವು ಹಾಸ್ಟೆಲ್ ಟ್ರಂಕನ್ನು ಕೈ ಚಾಚಿ ಎತ್ತುತ್ತೀರಿ. ಲೆಕ್ಕ ಹಾಕಿ. ಬೆನ್ನಿನ ಸ್ನಾಯು ಎಳೆಯುವುದು ಬೆನ್ನೆಲುಬಿನಿಂದ ಸುಮಾರು 5 ಸೆಂ.ಮೀ. ದೂರದಲ್ಲಿ. ಭಾರ 50 ಸೆಂ.ಮೀ. ಮುಂದಿದ್ದರೆ 10 ಕಿಲೋಗೆ ಸ್ನಾಯು 100 ಕಿಲೋದಷ್ಟು ಎಳೆಯಬೇಕು, ಅಷ್ಟೂ ಮಣಿಗಳ ಮೇಲೆ ಬೀಳುತ್ತದೆ. ತೇರಿಗೆ ಹಾಕುವ ಸನ್ನೆಯ ಗಣಿತವೇ ಇದು, ಇಲ್ಲಿ ನಿಮ್ಮ ವಿರುದ್ಧ ಕೆಲಸ ಮಾಡುತ್ತದೆ.

7. ಮೂವತ್ತರೊಳಗೆ ಡಿಪಾಸಿಟ್ ಮಾಡಿ.

ಎಲುಬಿನ ಖಾತೆ ಇಪ್ಪತ್ತರ ಕೊನೆಯ ಹೊತ್ತಿಗೆ ತುಂಬಿ ನಿಲ್ಲುತ್ತದೆ. ಆಮೇಲೆ ಡ್ರಾ ಮಾತ್ರ. ಎತ್ತರ ಸರ್ರನೆ ಏರುವ ಎರಡು ವರ್ಷಗಳಲ್ಲೇ ಕಾಲು ಭಾಗದಷ್ಟು ಜಮೆಯಾಗುತ್ತದೆ. ಹೆಣ್ಣುಮಕ್ಕಳಿಗೆ ಅದು ಹೈಸ್ಕೂಲಿಗೂ ಮುಂಚಿನಿಂದಲೇ ಶುರು, ಮನೆಯವರು "ಇನ್ನು ಓಡಾಡಬೇಡ" ಅನ್ನುವ ವಯಸ್ಸೂ ಅದೇ. ಆ ಮಾತು ಕೇಳಬೇಡಿ. ರಾಗಿ ಮುದ್ದೆ ಬಿಡಬೇಡಿ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ದಿನಕ್ಕೆ ಬೇಕಾದ್ದು 1000. ಉಳಿದದ್ದಕ್ಕೆ ಮಜ್ಜಿಗೆ, ಎಳ್ಳು, ನುಗ್ಗೆಸೊಪ್ಪು. ಬಿಸಿಲು ನಮ್ಮೂರಲ್ಲಿ ಪುಕ್ಕಟೆ. ರೂಮಿನಿಂದ ಹೊರಗೆ ಬನ್ನಿ.

8. ನೀರಿನ ರಿಪೋರ್ಟ್ ಕೇಳಿ.

ಇದನ್ನು ಬಿಟ್ಟರೆ ಮೇಲಿನ ಏಳೂ ಅರ್ಧ. ಹಳೆಯ ಬಳ್ಳಾರಿ ಜಿಲ್ಲೆಯ ಅಂತರ್ಜಲಕ್ಕೆ ಫ್ಲೋರೈಡ್ ಹಳೇ ಪೀಡೆ, ಕೂಡ್ಲಿಗಿ ಸೀಮೆಯಲ್ಲಿ ಅದು ಚೆನ್ನಾಗಿಯೇ ಗೊತ್ತು. ಕೊಟ್ಟೂರು ಮೊನ್ನೆ ಮೊನ್ನೆಯವರೆಗೆ ಆ ತಾಲ್ಲೂಕಿನಲ್ಲೇ ಇತ್ತು. ಫ್ಲೋರೈಡ್ ಎಲುಬಿನ ಹರಳಿನೊಳಗೆ ಸೇರಿ ಕೂರುತ್ತದೆ. ಎಕ್ಸ್‌ರೇಯಲ್ಲಿ ಎಲುಬು ದಟ್ಟ ಬಿಳಿ, ನೋಡಿದರೆ ಬಲು ಗಟ್ಟಿ ಅನ್ನಿಸುತ್ತದೆ. ಬಾಗುವ ಗುಣ ಹೋಗಿರುತ್ತದೆ, ಕಾಂಕ್ರೀಟ್ ಹೆಚ್ಚಾಗಿ ಕಂಬಿ ಸತ್ತ ಛಾವಣಿಯಂತೆ. ಕೀಲಿನ ಪಟ್ಟಿಗಳೂ ಸುಣ್ಣಗಟ್ಟುತ್ತವೆ. ಹಿಂದಿನಿಂದ ಕರೆದರೆ ಕತ್ತು ತಿರುಗಿಸಲಾರದೆ, ಕೋಲೂರಿ ಇಡೀ ಮೈಯನ್ನೇ ತಿರುಗಿಸುವ ಹಿರಿಯರನ್ನು ನೀವು ಕಂಡಿರಬಹುದು.

ಕುಡಿಯುವ ನೀರಿಗೆ ಮಿತಿ ಲೀಟರಿಗೆ 1 ಮಿಲಿಗ್ರಾಂ, ಬೇರೆ ದಾರಿಯೇ ಇಲ್ಲದಿದ್ದರೆ 1.5. ಕುದಿಸಿದರೆ ಹೋಗುವುದಿಲ್ಲ, ನೀರು ಆವಿಯಾಗಿ ಇನ್ನೂ ಗಾಢವಾಗುತ್ತದೆ. ಕುಡಿಯಲು, ಅಡುಗೆಗೆ, ಎರಡಕ್ಕೂ ಶುದ್ಧ ನೀರಿನ ಘಟಕದಿಂದಲೇ ತನ್ನಿ. ನಿಮ್ಮ ಹಾಸ್ಟೆಲ್ ಬೋರಿನ ಫ್ಲೋರೈಡ್ ಎಷ್ಟು? ವಾರ್ಡನ್‌ಗೆ ನಾಳೆಯೇ ಕೇಳಿ. ಗೊತ್ತಿಲ್ಲ ಅಂದರೆ ಒಂದು ಬಾಟಲಿ ತುಂಬಿಸಿ ಟೆಸ್ಟಿಗೆ ಕಳಿಸಿ, ರಿಸಲ್ಟನ್ನು ಮೆಸ್ಸಿನ ನೋಟಿಸ್ ಬೋರ್ಡಿಗೆ ಅಂಟಿಸಿ.