ಇಂದಿನ ಧಮ್ಮ ಚಿಂತನೆ: ಇನ್ಸುಲಿನ್ ಮತ್ತು ಮೊದಲನೆಯ ಶೀಲ



ಕಳೆದ ವಾರ ನಮ್ಮ ಉಪಾಸಿಕೆಯೊಬ್ಬರು ಕೇಳಿದರು: "ಪ್ರಾಣಹತ್ಯೆ ಮಾಡುವುದಿಲ್ಲ ಎಂದು ಶೀಲ ತೆಗೆದುಕೊಂಡವರು, ಪ್ರಾಣಿಗಳ ಮೇಲೆ ಪ್ರಯೋಗ ಮಾಡಿ ಕಂಡುಹಿಡಿದ ಔಷಧಿ ತಗೋಬಹುದಾ?" ನಾನು ದಿನವೂ ಇನ್ಸುಲಿನ್ ಚುಚ್ಚಿಕೊಳ್ಳುವವನು. ನನಗೆ ಇದು ಬರೀ ಪುಸ್ತಕದ ಪ್ರಶ್ನೆಯಲ್ಲ.

1889ರಲ್ಲಿ ಸ್ಟ್ರಾಸ್‌ಬರ್ಗ್‌ನಲ್ಲಿ ಮಿಂಕೋವ್‌ಸ್ಕಿ ಮತ್ತು ಫಾನ್ ಮೆರಿಂಗ್ ನಾಯಿಯ ಮೇದೋಜೀರಕ ಗ್ರಂಥಿಯನ್ನು ತೆಗೆದಾಗ ಅದಕ್ಕೆ ಸಕ್ಕರೆ ಕಾಯಿಲೆ ಬಂತು. ಮನುಷ್ಯನ ರೋಗವನ್ನು ಪ್ರಾಣಿಯ ಮೈಯಲ್ಲಿ ಹುಟ್ಟಿಸಿ ನೋಡುವ ದಾರಿ ಸಿಕ್ಕಿತು. 1921ರಲ್ಲಿ ಟೊರಾಂಟೊದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಹೀಗೆ ಗ್ರಂಥಿ ತೆಗೆದ ನಾಯಿಗಳಿಗೆ ಗ್ರಂಥಿಯ ಸಾರವನ್ನು ಚುಚ್ಚಿ, ರಕ್ತದ ಸಕ್ಕರೆ ಇಳಿಯುವುದನ್ನು ಕಂಡರು. ಸತ್ತ ನಾಯಿಗಳು ಒಂದೆರಡಲ್ಲ. 1922ರ ಜನವರಿಯಲ್ಲಿ 14 ವರ್ಷದ ಲಿಯೊನಾರ್ಡ್ ಥಾಂಪ್ಸನ್‌ಗೆ ಅದನ್ನು ಕೊಟ್ಟರು. ಮೊದಲ ಸಲ ಒಗ್ಗಲಿಲ್ಲ. ಕಾಲಿಪ್ ಶುದ್ಧಿ ಮಾಡಿಕೊಟ್ಟ ಮೇಲೆ ಹುಡುಗ ಚೇತರಿಸಿಕೊಂಡ, ಮತ್ತೆ 13 ವರ್ಷ ಬದುಕಿದ. ಮುಂದೆ ದಶಕಗಳ ಕಾಲ ಇನ್ಸುಲಿನ್ ಬಂದದ್ದು ಕಸಾಯಿಖಾನೆಯ ದನ, ಹಂದಿಗಳ ಗ್ರಂಥಿಯಿಂದ. ಬ್ಯಾಕ್ಟೀರಿಯಾದಿಂದ ಮಾಡಿದ ಇನ್ಸುಲಿನ್ ಬಳಕೆಗೆ ಬಂದದ್ದು 1982ರಲ್ಲಿ.

ಜೀವಕ ಸುತ್ತದ ಮಾತನ್ನು ಇಲ್ಲಿ ಹಚ್ಚಬಹುದೇ? ತನಗಾಗಿ ಕೊಂದದ್ದೆಂದು ನೋಡಿರಬಾರದು, ಕೇಳಿರಬಾರದು, ಅನುಮಾನವೂ ಇರಬಾರದು. ಆಗ ಆ ಮಾಂಸವನ್ನು ಭಿಕ್ಷು ಸ್ವೀಕರಿಸಬಹುದು. ನೂರು ವರ್ಷದ ಹಿಂದಿನ ನಾಯಿಗಳು ನನಗಾಗಿ ಸಾಯಲಿಲ್ಲವಲ್ಲ! ಆದರೆ ಈ ಉತ್ತರ ಸ್ವಲ್ಪ ಸಲೀಸಾಯಿತು ಅನಿಸುತ್ತದೆ. ಹೆಸರಿಟ್ಟು ನನಗಾಗಿ ಅಲ್ಲದಿದ್ದರೂ, ನನ್ನಂಥ ರೋಗಿಗಳಿಗಾಗಿಯೇ ಅವು ಸತ್ತದ್ದು. ಇಂದಿಗೂ ಹೊಸ ಔಷಧಿಗಳು ಸಾಮಾನ್ಯವಾಗಿ ಇಲಿಯನ್ನು ದಾಟಿಯೇ ನಮ್ಮ ಹತ್ತಿರ ಬರುತ್ತವೆ.

ಇಲಿ ಎಂದಾಗ ಇನ್ನೊಂದು ಮಾತು. ನಮ್ಮ ದೇಶದ 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 17ನೇ ಕಲಮು, ಸಾಧ್ಯವಿದ್ದಲ್ಲೆಲ್ಲ ಪ್ರಾಣಿ ಪ್ರಯೋಗವನ್ನು ತಪ್ಪಿಸಬೇಕು ಎನ್ನುತ್ತದೆ. ಒಳ್ಳೆಯ ಮಾತು. ಅದೇ ಕಲಮು, ಮೊಲ, ಕಪ್ಪೆ, ಇಲಿಗಳಿಂದ ಕೆಲಸ ಆಗುವುದಾದರೆ ದೊಡ್ಡ ಪ್ರಾಣಿಗಳನ್ನು ಬಿಡಿ ಎಂದೂ ಹೇಳುತ್ತದೆ. ಮೆತ್ತ ಸುತ್ತದಲ್ಲಿ ನಾವು ಮೈತ್ರಿ ಹರಡುವಾಗ ದೊಡ್ಡದು, ಸಣ್ಣದು, ಕಾಣುವುದು, ಕಾಣದ್ದು ಎಲ್ಲವನ್ನೂ ಸೇರಿಸಿಕೊಳ್ಳುತ್ತೇವೆ. ಹಾಗಾದರೆ ಕಾನೂನು ಧಮ್ಮಕ್ಕೆ ವಿರುದ್ಧವೇ? ಅಷ್ಟು ಸುಲಭವಿಲ್ಲ. ಬುದ್ಧಘೋಷರ ಅಟ್ಠಕಥೆಯಲ್ಲೇ ಸಣ್ಣ ಪ್ರಾಣಿಯನ್ನು ಕೊಂದರೆ ದೋಷ ಕಡಿಮೆ, ದೊಡ್ಡದಾದರೆ ಹೆಚ್ಚು ಎಂದಿದೆ. ಕಾರಣ, ದೊಡ್ಡದನ್ನು ಕೊಲ್ಲಲು ಹೆಚ್ಚು ಪ್ರಯತ್ನ ಬೇಕು. ಗಾತ್ರ ಸಮವಾದರೆ ಕೊಲ್ಲುವವನ ಮನಸ್ಸಿನ ಕ್ಲೇಶ ಎಷ್ಟು ತೀವ್ರ ಎಂಬುದರ ಮೇಲೆ ದೋಷ ನಿಲ್ಲುತ್ತದೆ. ಅಂದರೆ ಅಲ್ಲಿ ಅಳೆಯುವುದು ಕೊಲ್ಲುವವನ ಪ್ರಯತ್ನವನ್ನು, ಮನಸ್ಸನ್ನು. ಇಲಿಯ ನೋವು ಸಣ್ಣದು ಎಂದು ಅಲ್ಲಿ ಹೇಳಿಲ್ಲ. ಲ್ಯಾಬಿನಲ್ಲಿ ಇಲಿಯನ್ನು ಕೈಗೆತ್ತಿಕೊಳ್ಳುವವರಿಗೆ ಈ ವ್ಯತ್ಯಾಸ ಗೊತ್ತಿರಬೇಕು ಎಂಬುದು ನನ್ನ ಅಭಿಪ್ರಾಯ.

ಜಪಾನಿನ ಎಷ್ಟೋ ಸಂಶೋಧನಾ ಸಂಸ್ಥೆಗಳಲ್ಲಿ, ಪ್ರಯೋಗದಲ್ಲಿ ಸತ್ತ ಪ್ರಾಣಿಗಳಿಗಾಗಿ ವಿಜ್ಞಾನಿಗಳೇ ಸೇರಿ ವರ್ಷಕ್ಕೊಮ್ಮೆ ಸ್ಮರಣೆ ಮಾಡುತ್ತಾರೆ. ಬರೀ ತೋರಿಕೆ ಎಂದು ಯಾರಾದರೂ ಅನ್ನಬಹುದು. ನನಗೆ ಹಾಗನಿಸುವುದಿಲ್ಲ. ಆದರೆ ಸ್ಮರಣೆಗಿಂತ, ಒಂದು ಪಂಜರ ಖಾಲಿಯಾದರೆ ಮೇಲು. ಭಾರತದಲ್ಲಿ 2023ರ ನಿಯಮ ತಿದ್ದುಪಡಿಯಿಂದ ಹೊಸ ಔಷಧಿಯ ಪರೀಕ್ಷೆಗೆ ಜೀವಕೋಶ, ಕಂಪ್ಯೂಟರ್ ಮಾದರಿಗಳಂಥ ದಾರಿಗಳಿಗೂ ಅವಕಾಶ ಸಿಕ್ಕಿದೆ.

ನಾನಂತೂ ಇನ್ಸುಲಿನ್ ಬಿಡುವುದಿಲ್ಲ, ನೀವೂ ಯಾರೂ ಔಷಧಿ ಬಿಡಬೇಡಿ. ಭಾನುವಾರ ಇದನ್ನೇ ಮುಂದುವರಿಸೋಣ. 17ನೇ ಕಲಮಿನ ಪ್ರತಿ ನಾನು ತರುತ್ತೇನೆ, ಜೀವಕ ಸುತ್ತ ಇರುವ ಪುಸ್ತಕ ನೀವು ತನ್ನಿ.