ದಾರಿಗೊಂದು ಅಂಗಿ, ಕೆಲಸಕ್ಕೊಂದು ಅಂಗಿ

ಪ್ರಶ್ನೆ: ಮೇಡಂ, ನಾನು ವಿಜಯಪುರ ಕಡೆಯವನು, ವಯಸ್ಸು 26. ಖಾಸಗಿ ವಿಮಾ ಕಂಪನಿಯೊಂದರಲ್ಲಿ ಕೆಲಸ. ಏಪ್ರಿಲ್‌ನಲ್ಲಿ ಮಂಗಳೂರಿಗೆ ವರ್ಗವಾಯಿತು. ಸುರತ್ಕಲ್‌ನಲ್ಲಿ ರೂಮು, ಹಂಪನಕಟ್ಟೆಯಲ್ಲಿ ಆಫೀಸು, ಓಡಾಟವೆಲ್ಲ ಸ್ಕೂಟರಿನಲ್ಲೇ. ತುಂಬುತೋಳಿನ ಅಂಗಿ, ಟೈ, ಲೆದರ್ ಶೂ ಕಡ್ಡಾಯ. ನಮ್ಮೂರಲ್ಲಿ ಬಿಸಿಲು 42 ಡಿಗ್ರಿ ಮುಟ್ಟಿದರೂ ಹೀಗೆ ಬೆವರಿದವನಲ್ಲ. ಇಲ್ಲಿ ಆಫೀಸು ತಲುಪುವಷ್ಟರಲ್ಲಿ ಅಂಗಿ ಬೆನ್ನಿಗೆ ಅಂಟಿರುತ್ತದೆ. ಮಳೆ ಹಿಡಿದ ಮೇಲಂತೂ ರೇನ್‌ಕೋಟ್ ಹಾಕಿದರೆ ಬೆವರಿಗೆ ಒದ್ದೆ, ಹಾಕದಿದ್ದರೆ ಮಳೆಗೆ ಒದ್ದೆ. ಒಗೆದ ಬಟ್ಟೆ ಎರಡು ದಿನವಾದರೂ ಒಣಗದೆ ಮುಗ್ಗಲು ವಾಸನೆ. ಮೊನ್ನೆ ಸಹೋದ್ಯೋಗಿಯೊಬ್ಬರು ಎಲ್ಲರೆದುರು ‘ಸ್ವಲ್ಪ ಸೆಂಟಾದರೂ ಹಾಕ್ಕೊಂಡು ಬಾ ಮಾರಾಯ’ ಎಂದುಬಿಟ್ಟರು. ಗ್ರಾಹಕರ ಹತ್ತಿರ ಕೂರಲೂ ಸಂಕೋಚವಾಗುತ್ತಿದೆ. ವಾಪಸ್ ವರ್ಗ ಕೇಳಲೇ?
— ಹೆಸರು ಬೇಡ, ಸುರತ್ಕಲ್

ಉತ್ತರ: ಈ ಕಾರಣಕ್ಕೆ ವರ್ಗ ಕೇಳಬೇಡಿ. ನಿಮ್ಮ ದೇಹದಲ್ಲಿ ಯಾವ ದೋಷವೂ ಇಲ್ಲ, ಬದಲಾಗಿರುವುದು ಗಾಳಿ. ನಿಮ್ಮೂರಿನಲ್ಲೂ ನೀವು ಬೆವರುತ್ತಿದ್ದಿರಿ. ಆದರೆ ಅಲ್ಲಿನ ಒಣಗಾಳಿ ಬೆವರನ್ನು ಕಣ್ಣಿಗೆ ಬೀಳುವ ಮುಂಚೆಯೇ ಹೀರಿಕೊಳ್ಳುತ್ತಿತ್ತು. ಬೆವರು ಆರಿದಾಗಲೇ ಮೈ ತಂಪಾಗುವುದು. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರ್ ದಾಟಿ ಮಳೆ ಸುರಿಯುವ ಕರಾವಳಿಯಲ್ಲಿ, ಅದೂ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ಗಾಳಿ ಮೊದಲೇ ನೀರು ಕುಡಿದು ತುಂಬಿರುತ್ತದೆ. ನಿಮ್ಮ ಬೆವರಿಗೆ ಅದರಲ್ಲಿ ಜಾಗವಿಲ್ಲ. ಅದು ಮೈಮೇಲೇ ನಿಲ್ಲುತ್ತದೆ, ಮೈ ತಂಪಾಗದೆ ಇನ್ನಷ್ಟು ಬೆವರುತ್ತದೆ. ಇಲ್ಲೇ ಹುಟ್ಟಿದ ನಾವೂ ಬೆವರುತ್ತೇವೆ. ಬೆವರಿದ ಬಟ್ಟೆಯನ್ನು ಎಲ್ಲಿ ಬಿಚ್ಚಬೇಕೆಂದು ಕಲಿತಿದ್ದೇವೆ, ಅಷ್ಟೇ ವ್ಯತ್ಯಾಸ.

ನೀವು ಎಡವುತ್ತಿರುವುದು ಅಲ್ಲೇ. ರೂಮಿನಿಂದ ಹೊರಡುವಾಗಲೇ ಪೂರ್ತಿ ಸಿಂಗಾರವಾಗಿ ಹೊರಡುತ್ತೀರಿ. ಕೊಟ್ಟಾರ ಚೌಕಿಯ ಟ್ರಾಫಿಕ್‌ಗೆ ನೀವು ಟೈ ತೋರಿಸಬೇಕಾಗಿಲ್ಲ. ಅಚ್ಚುಕಟ್ಟಾಗಿ ಕಾಣಬೇಕಾದದ್ದು ಗ್ರಾಹಕರ ಎದುರು ಕೂರುವಾಗ. ಹಾಗಾಗಿ ದಾರಿಯ ಬಟ್ಟೆ ಬೇರೆ, ಕೆಲಸದ ಬಟ್ಟೆ ಬೇರೆ ಮಾಡಿಕೊಳ್ಳಿ. ಹಳೆಯ ಟೀ ಶರ್ಟು, ಬೇಗ ಒಣಗುವ ತೆಳು ಪ್ಯಾಂಟು, ಅದರ ಮೇಲೆ ರೇನ್‌ಕೋಟು, ಕಾಲಿಗೆ ರಬ್ಬರ್ ಸ್ಯಾಂಡಲ್; ದಾರಿಗೆ ಇಷ್ಟು ಸಾಕು. ಇಸ್ತ್ರಿ ಮಾಡಿದ ಅಂಗಿ, ಪ್ಯಾಂಟು, ಒಂದು ಬನಿಯನ್ನು, ಒಂದು ಬೈರಾಸು ಪ್ಲಾಸ್ಟಿಕ್ ಕವರಿನೊಳಗೆ ಬ್ಯಾಗಿನಲ್ಲಿರಲಿ. ಶೂ, ಕಾಲುಚೀಲ, ಟೈ ಆಫೀಸಿನ ಡ್ರಾಯರಿನಲ್ಲೇ ಇರಲಿ. ಹದಿನೈದು ನಿಮಿಷ ಮೊದಲೇ ತಲುಪಿ. ಹೋದವರೇ ಅಂಗಿ ಬದಲಿಸಲು ನುಗ್ಗಬೇಡಿ. ಮುಖ, ಕುತ್ತಿಗೆ, ಕಂಕುಳು ತೊಳೆದು ಒರೆಸಿಕೊಂಡು ಫ್ಯಾನಿನಡಿ ಸ್ವಲ್ಪ ಹೊತ್ತು ಕೂತು, ಮೈ ಆರಿದ ಮೇಲೆ ಹಾಕಿಕೊಳ್ಳಿ. ಬಿಸಿ ಮೈಗೆ ಹಾಕಿದ ಹೊಸ ಅಂಗಿಯೂ ಐದೇ ನಿಮಿಷದಲ್ಲಿ ಹಳೆಯದಾಗುತ್ತದೆ.

ಇನ್ನು ಬಟ್ಟೆಯ ಮಾತು. ಸೆಖೆಗೆ ಅಪ್ಪಟ ಹತ್ತಿಯೇ ಒಳ್ಳೆಯದು ಎಂದು ಎಲ್ಲರೂ ಹೇಳುತ್ತಾರೆ. ಏಪ್ರಿಲ್, ಮೇ ತಿಂಗಳಿಗೆ ಆ ಮಾತು ಸರಿ. ಮಳೆಗಾಲದಲ್ಲಿ ದಪ್ಪ ಹತ್ತಿ ನೀರು ಹೀರಿ ಬಿಡುವುದೇ ಇಲ್ಲ, ಭಾರವಾಗುತ್ತದೆ, ಸುಕ್ಕುಗಟ್ಟುತ್ತದೆ. ಪೂರಾ ಪಾಲಿಯೆಸ್ಟರ್ ಬೇಗ ಒಣಗುತ್ತದೆ, ಆದರೆ ಬೆವರಿನ ವಾಸನೆಯನ್ನು ಹಿಡಿದಿಟ್ಟುಕೊಳ್ಳುತ್ತದೆ. ಹತ್ತಿಯ ಪಾಲು ಹೆಚ್ಚಿರುವ ತೆಳುವಾದ ಮಿಶ್ರ ಬಟ್ಟೆ ಈ ನಾಲ್ಕು ತಿಂಗಳಿಗೆ ಹೊಂದುತ್ತದೆ. ಅಂಗಡಿಯಲ್ಲಿ ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿ, ಮುಷ್ಟಿಯಲ್ಲಿ ಹಿಂಡಿ ಬಿಡಿ. ಸುಕ್ಕು ತಾನಾಗಿ ಬಿಚ್ಚಿಕೊಂಡರೆ ಕೊಳ್ಳಿ. ಮೈಗಂಟುವ ಸ್ಲಿಮ್ ಫಿಟ್ ಬೇಡ, ಕಂಕುಳಲ್ಲಿ ಗಾಳಿಯಾಡುವಷ್ಟು ಸಡಿಲವಿರಲಿ. ತಿಳಿನೀಲಿ ಮತ್ತು ಬೂದು ಬಣ್ಣದಲ್ಲಿ ಬೆವರಿನ ಕಲೆ ಎದ್ದು ಕಾಣುತ್ತದೆ. ಕಡುನೀಲಿ ಅಥವಾ ಸಣ್ಣ ಚೌಕಳಿಯಲ್ಲಿ ಗೊತ್ತಾಗುವುದಿಲ್ಲ. ಬಿಳಿಯಲ್ಲೂ ಕಲೆ ಕಾಣದು, ಆದರೆ ನೆನೆದರೆ ಒಳಗಿನದೆಲ್ಲ ಕಾಣುತ್ತದೆ. ಕೆಂಪು ಮಣ್ಣಿನ ಕೆಸರು ಸಿಡಿದರೆ ಹಸಿಯಿರುವಾಗ ಉಜ್ಜಬೇಡಿ, ನೂಲಿನೊಳಕ್ಕೆ ಇಳಿಯುತ್ತದೆ. ಒಣಗಲು ಬಿಟ್ಟು ಕೊಡವಿ, ಆಮೇಲೆ ಒಗೆಯಿರಿ.

ಮುಗ್ಗಲು ವಾಸನೆಗೆ ಕಾರಣ ಕೊಳೆಯಷ್ಟೇ ಅಲ್ಲ. ಬಟ್ಟೆ ತಡವಾಗಿ ಒಣಗಿದಷ್ಟೂ ಅದರಲ್ಲಿ ಬ್ಯಾಕ್ಟೀರಿಯಾ ಬೆಳೆಯುತ್ತದೆ. ಹಾಗಾಗಿ ವಾರದ ಬಟ್ಟೆಯನ್ನೆಲ್ಲ ಭಾನುವಾರ ಗುಡ್ಡೆ ಹಾಕಿ ಒಗೆಯದೆ ದಿನಕ್ಕೊಂದು ಜೊತೆ ಒಗೆಯಿರಿ. ಮೆಷಿನ್ ಇದ್ದರೆ ಎರಡು ಸಲ ಸ್ಪಿನ್ ಮಾಡಿ. ಒಂದರ ಮೇಲೊಂದು ಹೇರದೆ, ಹ್ಯಾಂಗರಿನಲ್ಲಿ ಗೇಣು ಅಂತರ ಬಿಟ್ಟು ಫ್ಯಾನಿನ ಕೆಳಗೆ ಹಾಕಿ. ಮುಕ್ಕಾಲು ಒಣಗಿದ ಮೇಲೆ ಇಸ್ತ್ರಿ ಪೆಟ್ಟಿಗೆ ಉಳಿದ ತೇವವನ್ನು ತೆಗೆಯುತ್ತದೆ. ಲೆದರ್ ಶೂ ಎರಡು ಜೊತೆ ಇಟ್ಟುಕೊಂಡು ದಿನ ಬಿಟ್ಟು ದಿನ ಹಾಕಿ. ಖಾಲಿಯಿರುವ ಜೊತೆಯೊಳಗೆ ಹಳೆ ಪೇಪರು ತುರುಕಿಡಿ, ಇಲ್ಲವಾದರೆ ವಾರದೊಳಗೆ ಬೂಷ್ಟು ಹಿಡಿಯುತ್ತದೆ.

ಸೆಂಟಿನ ಸಲಹೆ ಕೊಟ್ಟವರ ಮಾತನ್ನು ಅಷ್ಟಕ್ಕೇ ಬಿಡಿ. ಈ ಕಡೆಯ ‘ಮಾರಾಯ’ದಲ್ಲಿ ಸಲಿಗೆಯೇ ಹೆಚ್ಚು. ಆದರೆ ಎಲ್ಲರೆದುರು ಆಡಿದ್ದು ಸರಿಯಲ್ಲ. ಮತ್ತೆ ಹಾಗೆಯೇ ಆದರೆ ‘ಇಂಥದ್ದು ಇದ್ದರೆ ನನಗೊಬ್ಬನಿಗೇ ಹೇಳಿ’ ಎಂದು ನೇರವಾಗಿ ಹೇಳಿ. ಸಲಹೆಯೂ ಅರ್ಧವೇ ಸರಿ. ಸೆಂಟು ವಾಸನೆಯನ್ನು ಮುಚ್ಚುತ್ತದೆ, ಬೆವರನ್ನು ತಡೆಯುವುದಿಲ್ಲ. ಬೆವರು ಕಡಿಮೆ ಮಾಡುವುದು ಆ್ಯಂಟಿಪರ್ಸ್‌ಪಿರಂಟ್. ಅದನ್ನು ರಾತ್ರಿ ಒಣಗಿದ ಕಂಕುಳಿಗೆ ಹಚ್ಚಿ ಮಲಗಿದರೆ ಚೆನ್ನಾಗಿ ಕೆಲಸ ಮಾಡುತ್ತದೆ. ತೊಡೆಸಂದಿಯಲ್ಲೋ ಸೊಂಟದ ಸುತ್ತಲೋ ದುಂಡಗಿನ ತುರಿಕೆ ಎದ್ದರೆ ಅದು ಹುಳುಕಡ್ಡಿ ಇರಬಹುದು. ಮೆಡಿಕಲ್ ಶಾಪಿನವರು ಕೊಟ್ಟ ಟ್ಯೂಬು ಹಚ್ಚಬೇಡಿ. ಅದರಲ್ಲಿ ಸ್ಟೀರಾಯ್ಡ್ ಇದ್ದರೆ ಮೊದಲು ಆರಿದಂತೆ ಕಂಡು ಆಮೇಲೆ ಹರಡುತ್ತದೆ. ಚರ್ಮದ ಡಾಕ್ಟರಿಗೆ ತೋರಿಸಿ.

ಉಳಿದದ್ದು ಟೈ. ಮ್ಯಾನೇಜರ್ ಹತ್ತಿರ ದೂರಿನ ಧಾಟಿಯಲ್ಲಿ ಹೋಗಬೇಡಿ, ಬದಲಿ ವ್ಯವಸ್ಥೆ ಕೈಯಲ್ಲಿ ಹಿಡಿದು ಹೋಗಿ. ‘ಸಾರ್, ಆಫೀಸಿನ ಮೀಟಿಂಗಿಗೆ ಟೈ, ಶೂ ಇದ್ದೇ ಇರುತ್ತದೆ. ಸೆಪ್ಟೆಂಬರ್‌ವರೆಗೆ ಹೊರಗಡೆ ಗ್ರಾಹಕರ ಹತ್ತಿರ ಹೋಗುವಾಗ ಟೈ ಇಲ್ಲದೆ ಹೋಗುತ್ತೇವೆ’ ಎಂದು ಇಬ್ಬರು ಮೂವರು ಸೇರಿ ಕೇಳಿ. ಇದು ಅಶಿಸ್ತೇನಲ್ಲ. ಶಿಸ್ತಿಗೆ ಹೆಸರಾದ ಜಪಾನಿನಲ್ಲಿ ಸರ್ಕಾರವೇ 2005ರಲ್ಲಿ ‘ಕೂಲ್ ಬಿಜ್’ ಎಂಬ ಅಭಿಯಾನ ನಡೆಸಿ, ಬೇಸಿಗೆಯಲ್ಲಿ ಕೋಟು, ಟೈ ಬಿಟ್ಟು ಬನ್ನಿ, ಎ.ಸಿ.ಯನ್ನು 28 ಡಿಗ್ರಿಗೆ ಇಡಿ ಎಂದಿತು. ನಮ್ಮ ವಕೀಲರಿಗೂ ಬೇಸಿಗೆಯಲ್ಲಿ ಸುಪ್ರೀಂ ಕೋರ್ಟು, ಹೈಕೋರ್ಟುಗಳನ್ನು ಬಿಟ್ಟು ಉಳಿದ ಕೋರ್ಟುಗಳಲ್ಲಿ ಕಪ್ಪು ಕೋಟು ಕಡ್ಡಾಯವಲ್ಲ ಎಂದು ಬಾರ್ ಕೌನ್ಸಿಲ್ ನಿಯಮವೇ ಇದೆ. ಮ್ಯಾನೇಜರ್ ಒಪ್ಪದಿದ್ದರೂ ನಷ್ಟವಿಲ್ಲ. ಗ್ರಾಹಕರ ಗೇಟಿನ ಹತ್ತಿರ ಟೈ ಕಟ್ಟಿ, ಹೊರಬಂದ ಮೇಲೆ ಬಿಚ್ಚಿಟ್ಟರಾಯಿತು.

ಗ್ರಾಹಕರ ಬಗ್ಗೆ ಅಷ್ಟೊಂದು ಸಂಕೋಚ ಬೇಡ. ಅವರೂ ಇದೇ ಮಳೆಯಲ್ಲಿ ನೆನೆದು ಬಂದವರು. ಜಗುಲಿಯಲ್ಲಿ ರೇನ್‌ಕೋಟು ಬಿಚ್ಚಿ, ‘ಒಂದು ನಿಮಿಷ, ಕಾಲು ತೊಳೆದು ಬರ್ತೇನೆ’ ಎಂದು ಕೇಳಿ ನೋಡಿ, ಮರ್ಯಾದಸ್ಥ ಹುಡುಗ ಎಂದೇ ಅಂದುಕೊಳ್ಳುತ್ತಾರೆ. ಅಂಗಿ ಒದ್ದೆಯಾಯಿತೆಂದು ಯಾರೂ ಪಾಲಿಸಿ ಬೇಡ ಅನ್ನುವುದಿಲ್ಲ, ಅವರ ಕಾಗದಪತ್ರ ಒದ್ದೆಯಾದರೆ ಅನ್ನುತ್ತಾರೆ. ಈ ತಿಂಗಳ ಸಂಬಳದಲ್ಲಿ ಮೊದಲು ನೀರು ಇಳಿಯದ ಬ್ಯಾಗು ಕೊಳ್ಳಿ, ಅಂಗಿ ಆಮೇಲೆ.