ಬಾಹ್ಯ ಹಾರ್ಡ್ ಡಿಸ್ಕ್‌ಗೆ ಸೂಕ್ತ ಫಾರ್ಮ್ಯಾಟ್: ದಾಖಲೆ ಸಂರಕ್ಷಣೆಯ ಪಾಠ

ಕೃಷ್ಣಾ ತೀರದ ಯಡೂರು ಹಾಗೂ ಸುತ್ತಲಿನ ಗ್ರಾಮಗಳಿಗೆ ನೆರೆ ಹೊಸದಲ್ಲ. 2019ರ ಆಗಸ್ಟ್ ಮತ್ತು 2021ರ ಜುಲೈ ತಿಂಗಳ ಪ್ರವಾಹಗಳು ಚಿಕ್ಕೋಡಿ ತಾಲ್ಲೂಕಿನ ನದೀತೀರವನ್ನು ಬಾಧಿಸಿದವು. ಇಂತಹ ಸಂದರ್ಭದಲ್ಲಿ ಕುಸಿದ ಮನೆಯ ಛಾಯಾಚಿತ್ರ, ಗ್ರಾಮಸಭೆಯ ವೀಡಿಯೊ, ಆಸ್ತಿ ದಾಖಲೆಗಳ ಸ್ಕ್ಯಾನ್ ಪ್ರತಿಗಳು ಗ್ರಾಮಸ್ಥರಿಗೆ ಮುಖ್ಯ ಆಧಾರಗಳಾಗುತ್ತವೆ. ಆದುದರಿಂದ ಇವನ್ನು ಉಳಿಸಲು ಹಾರ್ಡ್ ಡಿಸ್ಕ್ ಖರೀದಿಸುವಾಗ ಬೆಲೆ ಮತ್ತು ಸಾಮರ್ಥ್ಯದೊಡನೆ ಅದರ ಫಾರ್ಮ್ಯಾಟನ್ನೂ ನಿರ್ಧರಿಸತಕ್ಕದ್ದು.

ಫಾರ್ಮ್ಯಾಟ್ ಎಂದರೇನು?

ದಾಖಲೆ ಕೊಠಡಿಯ ಯಾವ ಕಪಾಟಿನಲ್ಲಿ ಯಾವ ಕಡತವಿದೆ ಎಂಬುದನ್ನು ವಹಿಯೊಂದು ತಿಳಿಸುತ್ತದೆ. ಡಿಸ್ಕ್‌ನಲ್ಲಿ ಆ ಕೆಲಸ ಮಾಡುವುದೇ ಫೈಲ್ ಸಿಸ್ಟಂ. ಅದನ್ನು ಹೊಸದಾಗಿ ಸ್ಥಾಪಿಸುವುದೇ ಫಾರ್ಮ್ಯಾಟ್. ಆಗ ಹಳೆಯ ವಹಿ ಇಲ್ಲವಾಗುತ್ತದೆ.

ಮೂರು ಬಗೆಗಳು

1. ಫ್ಯಾಟ್32: ಹಳೆಯ ಯಂತ್ರಗಳೂ ಇದನ್ನು ಓದುತ್ತವೆ. ಆದರೆ 4 ಜಿಬಿ ಗಾತ್ರದ ಅಥವಾ ಅದಕ್ಕಿಂತ ದೊಡ್ಡ ಒಂದೇ ಫೈಲನ್ನು ಇದು ಸ್ವೀಕರಿಸದು. ಸೆಕೆಂಡಿಗೆ 2 ಎಂಬಿಯಂತೆ ದಾಖಲಾಗುವ ವೀಡಿಯೊ ಸುಮಾರು 35 ನಿಮಿಷಗಳಲ್ಲೇ ಈ ಮಿತಿಯನ್ನು ತಲುಪುತ್ತದೆ. ಡಿಸ್ಕ್‌ನಲ್ಲಿ ಜಾಗವಿದ್ದರೂ ನಕಲು ನಿಲ್ಲುತ್ತದೆ.

2. ಎಕ್ಸ್‌ಫ್ಯಾಟ್: 2006ರಲ್ಲಿ ಮೈಕ್ರೋಸಾಫ್ಟ್ ರೂಪಿಸಿದ ಇದಕ್ಕೆ ಆ ಮಿತಿಯಿಲ್ಲ. ವಿಂಡೋಸ್, ಮ್ಯಾಕ್, ಇತ್ತೀಚಿನ ಲಿನಕ್ಸ್ ಹಾಗೂ ಅನೇಕ ಮೊಬೈಲ್‌ಗಳಲ್ಲಿ ನಡೆಯುತ್ತದೆ. ಆದರೆ ಬರೆಯುವಾಗಲೇ ವಿದ್ಯುತ್ ಹೋದರೆ ಅಥವಾ ಕೇಬಲ್ ಕಿತ್ತರೆ ಹಾನಿಯ ಸಾಧ್ಯತೆ ಹೆಚ್ಚು.

3. ಎನ್‌ಟಿಎಫ್‌ಎಸ್: 1993ರಿಂದ ವಿಂಡೋಸ್‌ನೊಡನೆ ಬಂದಿದೆ. ಮಾಡಲಿರುವ ಬದಲಾವಣೆಯನ್ನು ಮೊದಲು ಪ್ರತ್ಯೇಕ ಲಾಗ್‌ನಲ್ಲಿ ಬರೆದುಕೊಳ್ಳುವುದರಿಂದ, ವಿದ್ಯುತ್ ಕಡಿತದ ನಂತರ ವಹಿಯನ್ನು ಸರಿಪಡಿಸಿಕೊಳ್ಳಬಲ್ಲದು. ಅರ್ಧದಲ್ಲಿ ನಿಂತ ಫೈಲ್ ಮಾತ್ರ ನಷ್ಟವಾಗಬಹುದು. ಮ್ಯಾಕ್‌ನಲ್ಲಿ ಇದನ್ನು ಓದಲು ಸಾಧ್ಯ, ಬರೆಯಲು ಹೆಚ್ಚುವರಿ ತಂತ್ರಾಂಶ ಬೇಕು.

ಆಯ್ಕೆಯ ಕ್ರಮ

ಕಚೇರಿಯ ವಿಂಡೋಸ್ ಗಣಕಯಂತ್ರದಲ್ಲಿಯೇ ಬಳಸುವ ಸಂರಕ್ಷಣಾ ಡಿಸ್ಕ್‌ಗೆ ಎನ್‌ಟಿಎಫ್‌ಎಸ್ ಸೂಕ್ತ. ಬೇರೆ ಬೇರೆ ಯಂತ್ರಗಳಿಗೆ ಜೋಡಿಸುವ ಪೆನ್ ಡ್ರೈವ್‌ಗೆ ಎಕ್ಸ್‌ಫ್ಯಾಟ್ ಸಾಕು. ಹಳೆಯ ಯಂತ್ರಕ್ಕೆ ಸಣ್ಣ ಫೈಲ್ ಒಯ್ಯಬೇಕಾದಾಗ ಮಾತ್ರ ಫ್ಯಾಟ್32 ಇರಲಿ.

ಎಚ್ಚರಿಕೆ

ದಾಖಲೆಗಳಿರುವ ಡಿಸ್ಕ್ ಜೋಡಿಸಿದಾಗ ‘ಫಾರ್ಮ್ಯಾಟ್ ಮಾಡಬೇಕೆ?’ ಎಂಬ ಸೂಚನೆ ಬಂದರೆ ಒಪ್ಪಬಾರದು. ಅದನ್ನು ಬಿಚ್ಚಿ ತಜ್ಞರಿಗೆ ತೋರಿಸಬೇಕು. ಫಾರ್ಮ್ಯಾಟ್ ಬದಲಿಸುವ ಮುನ್ನ ಎಲ್ಲವನ್ನೂ ಬೇರೆಡೆಗೆ ನಕಲಿಸಿ, ತೆರೆದು ಪರೀಕ್ಷಿಸಬೇಕು. ಯಾವ ಫಾರ್ಮ್ಯಾಟೂ ನೀರಿನಿಂದ ಡಿಸ್ಕನ್ನು ಕಾಪಾಡದು. ಎರಡನೆಯ ಪ್ರತಿಯು ನೆರೆ ತಲುಪದ ಬೇರೊಂದು ಕಟ್ಟಡದಲ್ಲಿರುವುದು ಅಗತ್ಯ.

ಸದಸ್ಯರು ಸಭೆಯಲ್ಲಿ ಕೇಳಬೇಕಾದ ಪ್ರಶ್ನೆಗಳು

1. ನಮ್ಮ ಡಿಸ್ಕ್‌ನ ಫಾರ್ಮ್ಯಾಟ್ ಯಾವುದು?
2. ಎರಡನೆಯ ಪ್ರತಿ ಎಲ್ಲಿದೆ, ಯಾರ ಸುಪರ್ದಿಯಲ್ಲಿದೆ?
3. ಅದನ್ನು ಕೊನೆಯದಾಗಿ ತೆರೆದು ನೋಡಿದ್ದು ಯಾವಾಗ?

ಮಳೆಗಾಲಕ್ಕೆ ಮುನ್ನ ಈ ಮೂರಕ್ಕೂ ಉತ್ತರ ಪಡೆದು ನಡಾವಳಿಯಲ್ಲಿ ದಾಖಲಿಸುವುದು ಒಳಿತು.